ಅರ್ಧ ಹಾಳೆಯ ಅಭಿಪ್ರಾಯ

3 ಮೇ 2025, ಶನಿವಾರ

ನಿನ್ನೆ ಎಸ್‌ಎಸ್‌ಎಲ್‌ಸಿ ಪರೀಕ್ಷೆ-1ರ ಫಲಿತಾಂಶ ಬಂತು. ರಾಜ್ಯದಲ್ಲಿ 22 ಮಕ್ಕಳಿಗೆ 625ಕ್ಕೆ 625. ದಕ್ಷಿಣ ಕನ್ನಡ ಶೇ. 91.12 ಪಡೆದು ಮೊದಲು, ಕಲಬುರಗಿ ಶೇ. 42.43 ಪಡೆದು ಕೊನೆ. ನಾವು ಎಲ್ಲೋ ನಡುವೆ. ನಡುವೆ ಇದ್ದವರ ಫೋಟೊ ಯಾವ ಪೇಪರಿನಲ್ಲೂ ಬರುವುದಿಲ್ಲ.

ಬೆಳಿಗ್ಗೆ ಹಾಲಿನ ಬೂತಿನ ಹತ್ತಿರ ಒಬ್ಬರು ಹಿಡಿದು ನಿಲ್ಲಿಸಿದರು. "ಏನ್ ಮೇಡಂ, ನಿಮ್ಮ ಹೈಸ್ಕೂಲು ಮೊದಲಿನ ಹಾಗಿಲ್ವಂತೆ? ಮೂರು ವರ್ಷದಿಂದ ಇಳೀತಾನೇ ಇದೆಯಂತೆ?" ಅವರ ಮಕ್ಕಳು ಓದಿದ್ದು ನಮ್ಮಲ್ಲಲ್ಲ, ಅವರು ನಮ್ಮ ಗೇಟಿನ ಒಳಗೆ ಕಾಲಿಟ್ಟಿದ್ದು ಓಟು ಹಾಕುವಾಗ ಮಾತ್ರ. ಆದರೂ ಶಾಲೆಯ ಬಗ್ಗೆ ಊರಿಗೆ ತಿಳಿಸುವವರು ಅವರೇ.

ಇಳಿದಿದ್ದು ನಮ್ಮ ಶಾಲೆ ಒಂದೇ ಅಲ್ಲ. 2023ರಲ್ಲಿ ಇಡೀ ರಾಜ್ಯದ್ದು ಶೇ. 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದ ಮೇಲೂ ಫಲಿತಾಂಶ 73.40ಕ್ಕೆ ನಿಂತಿತು. ಈ ವರ್ಷ ಆ ಹೆಚ್ಚುವರಿ ಕೃಪಾಂಕವನ್ನೂ ತೆಗೆದರು. ಪಾಠ ಮಾಡಿದವರು ಅವರೇ, ಓದಿದವರೂ ಅಂಥವರೇ, ನೋಡುವ ಕಣ್ಣು ಮಾತ್ರ ಹೊಸದು. ಇದನ್ನೆಲ್ಲ ಹಾಲಿನ ಪ್ಯಾಕೆಟ್ ಹಿಡಿದುಕೊಂಡು ಯಾರಿಗೆ ಹೇಳುವುದು? "ನೋಡೋಣ ಸಾರ್, ಪರೀಕ್ಷೆ-2 ಇದೆ" ಅಂದು ಬಂದೆ.

ಪರೀಕ್ಷೆ-2 ಇದೇ 26ಕ್ಕೆ. ಫೇಲಾದವರ ಮನೆಗಳಿಗೆಲ್ಲ ಫೋನ್ ಮಾಡುತ್ತ ಕೂತಿದ್ದೇ ಇವತ್ತಿನ ಕೆಲಸ. ಅರ್ಧ ನಂಬರು ಸ್ವಿಚ್ ಆಫ್. ರಜೆ ಬಂತೆಂದರೆ ನಮ್ಮ ಮಕ್ಕಳು ಯಾದಗಿರಿ, ರಾಯಚೂರು, ಮಡಕಶಿರಾ, ಕೃಷ್ಣಗಿರಿ ಅಂತ ಹರಡಿಹೋಗುತ್ತಾರೆ. ಒಬ್ಬಳ ಅಜ್ಜಿ ಎತ್ತಿಕೊಂಡು, "ಪಾಸಾಗಿಲ್ಲ ಅಂದ್ಮೇಲೆ ಮತ್ತೆ ಯಾಕಮ್ಮ ಕರೀತೀರಾ?" ಅಂತ ಕೇಳಿದರು. ಬೈಗುಳವಲ್ಲ, ನಿಜವಾಗಿ ತಿಳಿಯದೆ ಕೇಳಿದ್ದು.

29 ಮೇ, ಗುರುವಾರ

ಶಾಲೆ ಶುರು. ಗೇಟಿಗೆ ಮಾವಿನ ತೋರಣ, ಬಿಸಿಯೂಟಕ್ಕೆ ಪಾಯಸ. ದಾಖಲಾತಿ ಆಂದೋಲನ ಅಂತ ಮಕ್ಕಳ ಕೈಗೆ ಫಲಕ ಕೊಟ್ಟು ಬೀದಿಯಲ್ಲಿ ಜಾಥಾ ಹೋದೆವು. ಆನೇಕಲ್ ತಾಲ್ಲೂಕಿನ ಈ ಭಾಗದಲ್ಲಿ ಈಗ ಹೊಲಕ್ಕಿಂತ ಲೇಔಟ್ ಜಾಸ್ತಿ. ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವನು ನಮ್ಮನ್ನು ನೋಡಿ ಗೇಟು ಹಾಕಿಕೊಂಡ. ಅವನ ಮಗಳು ನಮ್ಮಲ್ಲೇ ಒಂಬತ್ತನೆಯ ತರಗತಿ. ಜಾಥಾದಲ್ಲಿ ಅಪ್ಪನಿಗೆ ಕೈ ಬೀಸಿದಳು, ಅವನು ನೋಡಿಯೂ ನೋಡದಂತೆ ನಿಂತ. ಡ್ಯೂಟಿ ಇರಬೇಕು.

ಮನೆಮನೆಯಲ್ಲಿ ಮೊದಲ ಪ್ರಶ್ನೆ: "ಇಂಗ್ಲಿಷ್ ಮೀಡಿಯಂ ಇದ್ಯಾ?" ಇದೆ, ಒಂದು ವಿಭಾಗ. ಎರಡನೆಯದು: "ವ್ಯಾನ್ ಬರುತ್ತಾ?" ಇಲ್ಲ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಬಸ್ಸು ಉಚಿತ, ಗಂಡುಮಕ್ಕಳು ಪಾಸು ಮಾಡಿಸಬೇಕು. ಆದರೆ ವ್ಯಾನು ಅಂದರೆ ಬರೀ ಪ್ರಯಾಣವಲ್ಲ, ಮನೆ ಮುಂದೆ ಹಾರ್ನ್ ಹೊಡೆಯಬೇಕು, ಪಕ್ಕದ ಮನೆಯವರು ಕೇಳಬೇಕು. ಯಾರು ಪಾಠ ಮಾಡುತ್ತಾರೆ, ಲ್ಯಾಬ್ ಇದೆಯೇ, ಲೈಬ್ರರಿ ಇದೆಯೇ ಎಂದು ಒಬ್ಬರೂ ಕೇಳಲಿಲ್ಲ. ಶೌಚಾಲಯದ ಬಗ್ಗೆಯೂ ಇಲ್ಲ.

ಒಬ್ಬ ಗೃಹಿಣಿ ಮಾತ್ರ ಸರಿಯಾದ ಪ್ರಶ್ನೆ ಕೇಳಿದರು. "ನಿಮ್ಮ ಟೀಚರುಗಳ ಮಕ್ಕಳು ಎಷ್ಟು ಜನ ಅಲ್ಲಿ ಓದ್ತಾರೆ?" ಒಬ್ಬರೂ ಇಲ್ಲ ಅಂದೆ. ನನ್ನ ಮಗಳೂ ಸಿಬಿಎಸ್‌ಇ. ಪಿ.ಟಿ. ಸರ್ ಹಿಂದಿನಿಂದ ಕೆಮ್ಮಿದರು. ಸ್ಟಾಫ್ ರೂಮಿಗೆ ಬಂದ ಮೇಲೂ ಆ ವಿಷಯ ಯಾರೂ ಎತ್ತಲಿಲ್ಲ, ಸೇತುಬಂಧದ ಪ್ರಶ್ನೆಪತ್ರಿಕೆ ಎಣಿಸಲು ಕೂತೆವು.

11 ಜೂನ್, ಬುಧವಾರ

ಒಂಬತ್ತನೆಯ ತರಗತಿಗೆ ಈ ಸಲ ಬೇರೆ ಥರದ ಮಕ್ಕಳು ಬರುತ್ತಿದ್ದಾರೆ: ಎಂಟರ ತನಕ ಖಾಸಗಿ ಶಾಲೆಯಲ್ಲಿ ಆರ್‌ಟಿಇ ಸೀಟಿನಲ್ಲಿ ಓದಿದವರು. ಕಾನೂನು ಇರುವುದು ಆರರಿಂದ ಹದಿನಾಲ್ಕು ವರ್ಷದವರೆಗೆ, ಒಂದರಿಂದ ಎಂಟನೆಯ ತರಗತಿಗೆ. ಅಲ್ಲಿಯವರೆಗೆ ಶುಲ್ಕ ಸರ್ಕಾರದ್ದು. ಒಂಬತ್ತಕ್ಕೆ ಕಾಲಿಟ್ಟ ದಿನ ಪೂರ್ತಿ ಫೀಸು ತಂದೆ ತಾಯಿಯ ತಲೆಗೆ. 2018ರ ಕೊನೆಯಲ್ಲಿ ನಿಯಮ ಬದಲಾಗಿ, ಹತ್ತಿರ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯಲ್ಲಿ ಸೀಟು ಇಲ್ಲ ಎಂದಾಯಿತು. ಹಾಗಾಗಿ ಅದಕ್ಕೂ ಮೊದಲು ಒಂದನೆಯ ತರಗತಿ ಸೇರಿದ್ದ ಈ ಮಕ್ಕಳು ಆ ದೊಡ್ಡ ಅಲೆಯ ಕೊನೆಯವರಲ್ಲಿ ಸೇರುತ್ತಾರೆ.

ಇವತ್ತು ಬಂದ ತಾಯಿ ಗಾರ್ಮೆಂಟ್ಸ್ ಕೆಲಸದವರು. ಅರ್ಧ ದಿನದ ಪರ್ಮಿಷನ್ ಹಾಕಿ ಬಂದಿದ್ದರು. ಟಿಸಿ ಟೇಬಲ್ಲಿನ ಮೇಲೆ ಇಟ್ಟರು, ಕೈ ತೆಗೆಯಲಿಲ್ಲ. "ಇಲ್ಲೂ ಇಂಗ್ಲಿಷಲ್ಲೇ ಮಾಡ್ತೀರಾ ಅಲ್ವಾ ಮಿಸ್?" ಮೂರು ಸಲ ಕೇಳಿದರು. ಮೂರನೆಯ ಸಲ ಕಣ್ಣಲ್ಲಿ ನೀರು. ಅವರ ಮನಸ್ಸಿನಲ್ಲಿ ಮಗ ಮೆಟ್ಟಿಲು ಇಳಿಯುತ್ತಿದ್ದಾನೆ. ಹುಡುಗ ಮಾತ್ರ ಕಿಟಕಿಯಿಂದ ಮೈದಾನ ನೋಡುತ್ತಿದ್ದ. ಅವನ ಹಳೆಯ ಶಾಲೆ ನಾಲ್ಕಂತಸ್ತಿನ ಕಟ್ಟಡವಂತೆ, ಆಟದ ಪೀರಿಯಡ್ಡು ಬೇಸ್‌ಮೆಂಟಿನಲ್ಲಿ. "ಮಿಸ್, ಇಲ್ಲಿ ಇದರಲ್ಲಿ ದಿನಾ ಆಡಬಹುದಾ?" ಅಂದ.

ಎಚ್.ಎಂ. ಮೇಡಂ ತಾಯಿಗೆ ನೀರು ತರಿಸಿಕೊಟ್ಟು, ಪುಸ್ತಕ, ಸಮವಸ್ತ್ರ, ಶೂ ಎಲ್ಲ ಉಚಿತ ಎಂದು ಪಟ್ಟಿ ಹೇಳಿದರು. ಉಚಿತ ಅಂದಷ್ಟೂ ಆಕೆಯ ಮುಖ ಸಣ್ಣದಾಗುತ್ತಿತ್ತು. ದುಡ್ಡು ಕೊಡದೆ ಸಿಕ್ಕಿದ್ದು ಒಳ್ಳೆಯದಿರಲಾರದು ಎಂದು ಬೆಂಗಳೂರಿನ ಅಂಚು ಎಲ್ಲರಿಗೂ ಚೆನ್ನಾಗಿ ಕಲಿಸಿದೆ.

27 ಜೂನ್, ಶುಕ್ರವಾರ

ಶಾಲೆಯ ಬಗ್ಗೆ ಊರಿನವರು ಹೇಳುವುದು ಕೇಳಿ ಕೇಳಿ ಬೇಸರ ಬಂದಿತ್ತು. ಇವತ್ತು ಕೊನೆಯ ಪೀರಿಯಡ್ಡಿನಲ್ಲಿ ಒಂಬತ್ತು ಮತ್ತು ಹತ್ತನೆಯ ತರಗತಿಯವರಿಗೆ ಅರ್ಧ ಅರ್ಧ ಹಾಳೆ ಹರಿದು ಕೊಟ್ಟೆ. ಹೆಸರು ಬೇಡ, ಕ್ರಮಸಂಖ್ಯೆ ಬೇಡ. ಈ ಶಾಲೆಯಲ್ಲಿ ಏನು ಚೆನ್ನಾಗಿದೆ, ಏನು ಚೆನ್ನಾಗಿಲ್ಲ, ಬರೆಯಿರಿ.

ಮೊದಲು ಹತ್ತು ನಿಮಿಷ ಯಾರೂ ಬರೆಯಲಿಲ್ಲ. "ಮಿಸ್, ಮಾರ್ಕ್ಸ್ ಇದೆಯಾ?" "ಮಿಸ್, ಎಚ್.ಎಂ. ಓದ್ತಾರಾ?" "ಮಿಸ್, ಎಷ್ಟು ಪಾಯಿಂಟ್ ಬರೀಬೇಕು?" ಪ್ರಶ್ನೆಗೆ ನೋಟ್ಸಿನಲ್ಲಿ ಉತ್ತರ ಇಲ್ಲದಿದ್ದರೆ ನಮ್ಮ ಮಕ್ಕಳಿಗೆ ಭಯ. ಅದು ನಾವೇ ಕಲಿಸಿದ ಭಯ. ಪಾಸಿಂಗ್ ಪ್ಯಾಕೇಜ್ ಎಂದು ಪುಸ್ತಿಕೆ ಮಾಡಿ, ಇಷ್ಟು ಚಿತ್ರ, ಇಷ್ಟು ಪ್ರಮೇಯ, ಇಷ್ಟು ಪತ್ರಲೇಖನ ಎಂದು ಹಂಚಿಕೊಟ್ಟವರು ನಾವು.

ಮನೆಗೆ ತಂದು ಊಟವಾದ ಮೇಲೆ ಓದಿದೆ. ಸುಮಾರು ಜನ 'ನಮ್ಮ ಶಾಲೆ' ಪ್ರಬಂಧವನ್ನೇ ಬರೆದುಬಿಟ್ಟಿದ್ದಾರೆ: ನಮ್ಮ ಶಾಲೆಯ ಸುತ್ತ ಮರಗಿಡಗಳಿವೆ, ನಮ್ಮ ಗುರುಗಳು ದೇವರ ಸಮಾನ. ಅವನ್ನು ಪಕ್ಕಕ್ಕಿಟ್ಟೆ. ಉಳಿದವು ಚಿನ್ನ.

ಮೊಟ್ಟೆಯ ಬಗ್ಗೆ ಬಹಳ ಜನ. ಕಳೆದ ಸೆಪ್ಟೆಂಬರಿನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರದ ಆರೂ ದಿನ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು. "ಮೊಟ್ಟೆ ಬರೋದಕ್ಕೆ ಮುಂಚೆ ಮಧ್ಯಾಹ್ನದ ಮೇಲೆ ನಿದ್ದೆ ಬರ್ತಿತ್ತು, ಈಗ ಬರಲ್ಲ" ಎಂದು ಒಬ್ಬ. ಇನ್ನೊಬ್ಬ: "ನನ್ನ ಮನೇಲಿ ಮೊಟ್ಟೆ ತಿನ್ನಬಾರದು. ಇಲ್ಲಿ ತಿಂತೀನಿ. ಯಾರಿಗೂ ಹೇಳಬೇಡಿ." ಆಯಿತಪ್ಪ, ಹೇಳುವುದಿಲ್ಲ.

ಹುಡುಗಿಯರ ಹಾಳೆಗಳಲ್ಲಿ ಒಂದೇ ಮಾತು, ಬೇರೆ ಬೇರೆ ಅಕ್ಷರದಲ್ಲಿ. ಶೌಚಾಲಯದ ಎರಡನೇ ಬಾಗಿಲಿಗೆ ಚಿಲಕ ಇಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು. "ಅದಕ್ಕೇ ನಾನು ಬೆಳಿಗ್ಗೆ ನೀರು ಕುಡಿಯಲ್ಲ." ಜೀವಶಾಸ್ತ್ರದಲ್ಲಿ ವಿಸರ್ಜನಾಂಗವ್ಯೂಹದ ಚಿತ್ರ ಬರೆಸುವಾಗ, ದಿನಕ್ಕೆ ಇಷ್ಟು ಲೀಟರ್ ನೀರು ಕುಡಿಯಿರಿ ಎಂದು ಇದೇ ಹುಡುಗಿಯರಿಗೆ ಹೇಳಿದ್ದೇನೆ. ಅವರು ನೋಟ್ಸಿನಲ್ಲಿ ಬರೆದುಕೊಂಡಿದ್ದಾರೆ.

ಗಣಿತ. ನಮ್ಮ ಪಿಸಿಎಂ ಹುದ್ದೆ ಹೋದ ವರ್ಷದಿಂದ ಖಾಲಿ. ಈ ತಿಂಗಳು ಬಂದ ಅತಿಥಿ ಶಿಕ್ಷಕರು ಚೆನ್ನಾಗಿ ಮಾಡುತ್ತಾರೆ ಎಂದು ಹತ್ತನೆಯ ತರಗತಿಯವರು ಬರೆದಿದ್ದಾರೆ. ಕೆಳಗೆ ಒಬ್ಬ ಸೇರಿಸಿದ್ದಾನೆ: "ಆದರೆ ಅವರೂ ಹೋಗ್ತಾರೆ."

ಖಾಸಗಿ ಶಾಲೆಯಿಂದ ಬಂದವರ ಹಾಳೆ ಗುರುತು ಹಿಡಿಯುವುದು ಸುಲಭ, ಅಕ್ಷರ ಇಂಗ್ಲಿಷು. ಒಂದನ್ನು ನಾನೇ ಕನ್ನಡಕ್ಕೆ ತಂದು ಇಲ್ಲಿ ಇಟ್ಟುಕೊಳ್ಳುತ್ತೇನೆ. ಹಳೆಯ ಶಾಲೆಯಲ್ಲಿ ಕಂಪ್ಯೂಟರ್ ಲ್ಯಾಬ್ ಇತ್ತು, ಇಲ್ಲಿ ಇಲ್ಲ. ಅಲ್ಲಿ ಫೀಸು ಕಟ್ಟುವವರ ಮಕ್ಕಳನ್ನು ವಾರ್ಷಿಕೋತ್ಸವದ ಡಾನ್ಸಿಗೆ ಸೇರಿಸಿಕೊಳ್ಳುತ್ತಿದ್ದರು, ಆರ್‌ಟಿಇಯವರು ಕುರ್ಚಿ ಜೋಡಿಸುತ್ತಿದ್ದರು. ಇಲ್ಲಿ ಎಲ್ಲರೂ ಕುರ್ಚಿ ಜೋಡಿಸುತ್ತಾರೆ. ಕೊನೆಯ ವಾಕ್ಯ ಹೊಗಳಿಕೆಯೋ ದೂರೋ ಗೊತ್ತಾಗಲಿಲ್ಲ.

ಕೊನೆಯದಾಗಿ ಒಂದೇ ಸಾಲಿನ ಒಂದು ಹಾಳೆ: "ಸಮಾಜ ಮಿಸ್‌ಗೆ ನನ್ನ ಹೆಸರು ಗೊತ್ತು." ಚೆನ್ನಾಗಿರುವುದರ ಕೆಳಗೆ ಬರೆದಿದೆ. ಚೆನ್ನಾಗಿಲ್ಲದ್ದರ ಕೆಳಗೆ ಖಾಲಿ.

13 ಜುಲೈ, ಭಾನುವಾರ

ಪರೀಕ್ಷೆ-3 ನಿನ್ನೆ ಮುಗಿಯಿತು. ಅದಕ್ಕೆ ಬರಬೇಕಾಗಿದ್ದ ಒಬ್ಬ ಬರಲಿಲ್ಲ. ಹುಡುಕಿಕೊಂಡು ಕಟ್ಟಡ ಕಾರ್ಮಿಕರ ಶೆಡ್ಡಿಗೆ ಹೋದೆ. ಅವನು ಕೇಟರಿಂಗ್ ಕೆಲಸಕ್ಕೆ ಸೇರಿ ತಿಂಗಳಾಯಿತಂತೆ. ಅವನ ತಂಗಿ ನಮ್ಮಲ್ಲೇ ಹತ್ತನೆಯ ತರಗತಿ. ಅಪ್ಪ ಅಮ್ಮ ಯಾದಗಿರಿ ಕಡೆಯವರು, ಸೆಂಟ್ರಿಂಗ್ ಕೆಲಸ. ಕುರ್ಚಿ ಇರಲಿಲ್ಲ, ಸಿಮೆಂಟ್ ಚೀಲ ಕೊಡವಿ ಹಾಸಿದರು. ಚಹಾ ಬಂತು.

ಮಗನ ಮಾತು ಮುಗಿದ ಮೇಲೆ ಶಾಲೆಯ ಬಗ್ಗೆ ಕೇಳಿದೆ. ಏನು ಅನ್ನಿಸುತ್ತದೆ, ಏನು ಸರಿಯಿಲ್ಲ, ಹೇಳಿ. ಅಪ್ಪ ಗಾಬರಿಯಾದರು.

"ನಾವೇನ್ ಹೇಳಾಮ್ರೀ ಮೇಡಂ. ಪುಸ್ತಕ ಕೊಡ್ತೀರಿ, ಊಟ ಕೊಡ್ತೀರಿ, ತತ್ತಿ ಕೊಡ್ತೀರಿ. ಒಂದ್ ರೂಪಾಯಿ ತಗೊಳ್ಳಂಗಿಲ್ಲ. ಇಸ್ಕೊಂಡು ಉಣ್ಣೋರು ಉಪ್ಪು ಕಮ್ಮಿ ಅಂದ್ರ ಹೆಂಗರೀ?"

ಇದು ಇಸ್ಕೊಂಡಿದ್ದಲ್ಲ, ನೀವು ಸೋಪು ಕೊಂಡರೂ ತೆರಿಗೆ ಕಟ್ಟಿರುತ್ತೀರಿ, ಆ ದುಡ್ಡೇ ಇದು ಎಂದೆ. ಅವರು ನಕ್ಕರು. ನಾನು ಅವರ ಮರ್ಯಾದೆಗೆ ಹೇಳಿದ ಮಾತು ಅಂತ ತಿಳಿದರು. ಆಗ ಹಿಂದೆ ಒಲೆಯ ಹತ್ತಿರ ಕೂತಿದ್ದ ಮಗಳು ತಲೆ ಎತ್ತದೆ, "ಅಪ್ಪಾ, ಗಣಿತದ ಸರ್ ಬಿಟ್ಟು ಹೋದ್ರು ಅಂತ ಹೇಳು" ಅಂದಳು. ಅಮ್ಮ ಗದರಿಸಿದರು: "ಸುಮ್ನ ಕೂಡು. ಮೇಡಂ ಮನಿಗೆ ಬಂದಾರ."

ಹೌದು, ಹೋದರು. ಹೋದ ವಾರ. ಕೋಚಿಂಗ್ ಸೆಂಟರಿನವರು ಕರೆದರಂತೆ. ಈ ವರ್ಷದ ಬಜೆಟ್ಟಿನಲ್ಲಿ ಅತಿಥಿ ಶಿಕ್ಷಕರ ಗೌರವಧನ ತಿಂಗಳಿಗೆ 2000 ರೂಪಾಯಿ ಏರಿದೆ. ಏರಿದ ಮೇಲೂ ಅದನ್ನು ನಂಬಿ ಈ ಕಡೆ ಮನೆ ಬಾಡಿಗೆ ಕಟ್ಟಿ ಬದುಕಲು ಆಗುವುದಿಲ್ಲ. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ಬಸ್ಸಿನಲ್ಲಿ ಬರುತ್ತ ಯೋಚಿಸಿದೆ. ನಮ್ಮ ಶಾಲೆಯ ಬಗ್ಗೆ ಗಟ್ಟಿಯಾಗಿ ಮಾತಾಡುವವರು ಮಕ್ಕಳನ್ನು ಅಲ್ಲಿಗೆ ಕಳಿಸದವರು. ಕಳಿಸುವವರು ಮಾತಾಡುವುದೇ ಇಲ್ಲ, ಮಾತಾಡುವ ಅಧಿಕಾರ ಫೀಸಿನ ರಸೀದಿಯ ಜೊತೆ ಬರುತ್ತದೆ ಎಂದುಕೊಂಡಿದ್ದಾರೆ. ಖಾಸಗಿ ಶಾಲೆಯಲ್ಲಿ ಒಂದು ವಾರ ಗಣಿತದ ಟೀಚರ್ ಬರದಿದ್ದರೆ ಪೋಷಕರ ವಾಟ್ಸ್‌ಆ್ಯಪ್ ಗುಂಪು ಹೊತ್ತಿಕೊಂಡು ಉರಿಯುತ್ತದೆ. ನನ್ನ ಮಗಳ ಶಾಲೆಯ ಗುಂಪಿನಲ್ಲಿ ನಾನೂ ಬೆಂಕಿ ಹಚ್ಚಿದ್ದೇನೆ.

2 ಆಗಸ್ಟ್, ಶನಿವಾರ

ಪೋಷಕರ ಸಭೆ. ಬೆಳಗಿನ ತರಗತಿ ಮುಗಿದ ಮೇಲೆ ಹನ್ನೊಂದೂವರೆಗೆ. ಬಂದವರು ಬೆರಳೆಣಿಕೆ, ಹೆಚ್ಚಿನವರು ತಾಯಂದಿರು, ಇಬ್ಬರು ಅಜ್ಜಿಯರು. ಶನಿವಾರ ಫ್ಯಾಕ್ಟರಿಗೆ ರಜೆ ಇಲ್ಲ. ರಜೆ ಹಾಕಿದರೆ ಹಾಜರಾತಿ ಭತ್ಯೆ ಹೋಗುತ್ತದೆ. ಸಭೆಯ ಹೊತ್ತು ಗೊತ್ತು ಮಾಡುವವರು ನಾವು, ಆಮೇಲೆ ಪೋಷಕರಿಗೆ ಆಸಕ್ತಿಯಿಲ್ಲ ಎಂದು ವರದಿ ಬರೆಯುವವರೂ ನಾವೇ.

ಅರ್ಧ ಹಾಳೆಗಳನ್ನು ಓದುತ್ತೇನೆ ಎಂದಾಗ ಎಚ್.ಎಂ. ಮೇಡಂ ಒಳಗೆ ಕರೆದು, "ಶಾಲೆ ಮರ್ಯಾದೆ ನೋಡ್ಕೊಳ್ಳಿ" ಅಂದರು. ಅವರ ಕಷ್ಟ ಅವರಿಗೆ. ದಾಖಲಾತಿ ಇಳಿದರೆ ಹೆಚ್ಚುವರಿ ಶಿಕ್ಷಕರೆಂದು ನಮ್ಮಲ್ಲೊಬ್ಬರನ್ನು ಎತ್ತಿಹಾಕುತ್ತಾರೆ. ಮೊಟ್ಟೆಯ ಗುಟ್ಟಿನದೊಂದು ಬಿಟ್ಟು ಉಳಿದವನ್ನು ಓದಿದೆ.

ಚಿಲಕದ ಮಾತು ಬಂದಾಗ ಗದ್ದಲವಿಲ್ಲ, ಸಿಟ್ಟಿಲ್ಲ. ತಾಯಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜೂನಿನಲ್ಲಿ ಟಿಸಿಯ ಮೇಲೆ ಕೈಯಿಟ್ಟು ಕೂತಿದ್ದ ಆ ಗಾರ್ಮೆಂಟ್ಸ್ ತಾಯಿ ಎದ್ದು, "ಒಂದು ಚಿಲಕಕ್ಕೆ ಎಷ್ಟಾಗುತ್ತೆ ಮಿಸ್? ನಮ್ಮ ಲೈನಲ್ಲಿ ಕಾರ್ಪೆಂಟರ್ ಇದಾನೆ" ಅಂದರು. ಅವರದು ಗಂಡುಮಗು. ಎಸ್‌ಡಿಎಂಸಿ ಅಧ್ಯಕ್ಷರು ಶಾಲಾ ಅನುದಾನದಲ್ಲಿ ಮಾಡಿಸೋಣ, ಮುಂದಿನ ಸಭೆಯಲ್ಲಿ ನಡಾವಳಿ ಬರೆಯೋಣ ಎಂದರು. ಕಾರ್ಪೆಂಟರ್ ಮೂರೂವರೆಗೆ ಬಂದು ಹಾಕಿಹೋದ. ನಡಾವಳಿ ಆಮೇಲೆ ಬರೆದುಕೊಳ್ಳುತ್ತೇವೆ.

ಒಬ್ಬ ಅಪ್ಪ, ಆಟೊ ಓಡಿಸುವವರು, ಇಡೀ ಸಭೆಯಲ್ಲಿ ಹೇಳಿದ್ದು ಒಂದೇ: "ನೀವು ಹೊಡೆಯಲ್ಲ ಮೇಡಂ, ಅದೇ ಪ್ರಾಬ್ಲಂ. ನಾಲ್ಕು ಬಿಗೀರಿ. ನಾವು ಯಾಕೆ ಅಂತ ಕೇಳಲ್ಲ." ಇಬ್ಬರು ತಾಯಂದಿರು ತಲೆಯಾಡಿಸಿದರು. ಆರ್‌ಟಿಇ ಕಾಯ್ದೆಯ 17ನೆಯ ಸೆಕ್ಷನ್ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ ಎಂದೆ. "ಕಾಯ್ದೆ ಬಿಡಿ, ನಮ್ಮನ್ನ ಹೊಡೆದಿದ್ದಕ್ಕೇ ನಾವು ಸರಿಯಾಗಿದ್ದು" ಅಂದರು. ಆತ ಏಳನೆಯ ತರಗತಿಗೆ ಶಾಲೆ ಬಿಟ್ಟವರು, ಬಿಟ್ಟಿದ್ದು ಮೇಷ್ಟ್ರ ಕೋಲಿಗೆ ಹೆದರಿ ಎಂದು ಹಿಂದೆ ಅವರೇ ಹೇಳಿದ್ದಾರೆ. ಅವರ ಮಗ ಯಾವ ಹಾಳೆ ಬರೆದಿದ್ದ ಎಂದು ನನಗೆ ಅಂದಾಜಿದೆ: "ಇಲ್ಲಿ ಹೊಡೆಯಲ್ಲ. ಅದಕ್ಕೆ ಬರ್ತೀನಿ." ಆ ಹಾಳೆಯನ್ನು ಅಷ್ಟು ಹೊತ್ತಿಗಾಗಲೇ ಓದಿಯಾಗಿತ್ತು. ಅಪ್ಪನಿಗೆ ಗುರುತು ಸಿಗಲಿಲ್ಲ.

12 ಆಗಸ್ಟ್, ಮಂಗಳವಾರ

ಭಾನುವಾರ ಮೆಟ್ರೊ ಹಳದಿ ಮಾರ್ಗದ ಉದ್ಘಾಟನೆಯಾಯಿತು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 19 ಕಿಲೋಮೀಟರ್, 16 ನಿಲ್ದಾಣ. ಊರಿಗೆಲ್ಲ ಹಬ್ಬ. ಇವತ್ತು ಒಬ್ಬ ತಾಯಿ ಟಿಸಿ ಕೇಳಿಕೊಂಡು ಬಂದರು. ಓನರ್ ಬಾಡಿಗೆ ಏರಿಸಿದ್ದಾರೆ, ಇನ್ನೂ ಒಳಗಿನ ಹಳ್ಳಿಗೆ ಹೋಗುತ್ತೇವೆ ಎಂದರು. ಎಸ್‌ಎಟಿಎಸ್‌ನಲ್ಲಿ ಮಗುವಿನ ಹೆಸರು ಬೇರೆ ಶಾಲೆಗೆ ವರ್ಗಾಯಿಸಿದೆ. ವರ್ಷದ ನಡುವೆ ಹೀಗೆ ಹೋದ ಮಕ್ಕಳು ಅಲ್ಲಿ ನಿಜವಾಗಿ ಸೇರಿದರೋ ಇಲ್ಲವೋ ಎಂದು ನಾನು ಫೋನ್ ಮಾಡಿ ವಿಚಾರಿಸುತ್ತೇನೆ. ಕೆಲವರು ಸೇರಿರುವುದಿಲ್ಲ.

ಒಂಬತ್ತನೆಯ ತರಗತಿಯ ಗಣಿತ ಈಗ ನನ್ನ ತಲೆಗೆ. ನಾನು ಸಿಬಿಜೆಡ್, ಜೀವಶಾಸ್ತ್ರದವಳು. ಬಹುಪದೋಕ್ತಿಗಳನ್ನು ರಾತ್ರಿ ಮಗಳ ಹತ್ತಿರ ಕೂತು ಓದಿಕೊಂಡು ಹೋಗುತ್ತೇನೆ.

11 ಅಕ್ಟೋಬರ್, ಶನಿವಾರ

ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯ ಕೆಲಸ ಇನ್ನೂ ಮುಗಿದಿಲ್ಲ. ದಸರಾ ರಜೆಯನ್ನು 18ರವರೆಗೆ ಮುಂದುವರಿಸಿದ್ದಾರೆ, ರಜೆ ಮಕ್ಕಳಿಗೆ. ನಮಗೆ ಮನೆಮನೆ, 60 ಪ್ರಶ್ನೆ, ಬಾಗಿಲ ಮೇಲಿನ ಸ್ಟಿಕ್ಕರ್ ನಂಬರು.

ಒಂದು ಲಾಭ: ಮೇ ತಿಂಗಳಲ್ಲಿ ಗೇಟಿನಿಂದಲೇ ಕಳಿಸಿದ್ದ ಮನೆಗಳಿಗೂ ಈಗ ಒಳಗೆ ಹೋಗಿ ಕೂರಬಹುದು. ಅರವತ್ತು ಪ್ರಶ್ನೆ ಮುಗಿದ ಮೇಲೆ ನನ್ನದೊಂದು ಕೇಳುತ್ತೇನೆ: ನಮ್ಮ ಹೈಸ್ಕೂಲಿನ ಬಗ್ಗೆ ಏನಂತೀರಿ? "ಒಳ್ಳೆ ಸ್ಕೂಲೇ, ಆದರೆ ಅಲ್ಲಿಗೆ ಬರೋ ಮಕ್ಕಳು…" ಎಂದು ನಿಲ್ಲಿಸುತ್ತಾರೆ. ಎರಡು ಮನೆಯಲ್ಲಿ ಇದೇ ಮಾತು, ಇಲ್ಲೇ ನಿಂತಿತು. ಟೀಚರುಗಳ ಬಗ್ಗೆ ದೂರಿಲ್ಲ, ಕಟ್ಟಡದ ಬಗ್ಗೆಯೂ ಇಲ್ಲ. ದೂರು ಇರುವುದು ಪಕ್ಕದ ಬೆಂಚಿನ ಬಗ್ಗೆ. ಆ ಬೆಂಚಿನಲ್ಲಿ ಕೂರುವ ಹುಡುಗಿಯ ಅಮ್ಮ ಆ ಎರಡರಲ್ಲಿ ಒಂದು ಮನೆಯ ಒಳಗೆ ಪಾತ್ರೆ ತೊಳೆಯುತ್ತಿದ್ದರು. ನಲ್ಲಿಯ ಸದ್ದು ನಿಂತಿತ್ತು. ಕೇಳಿಸಿಕೊಂಡರು ಅಂತ ಕಾಣುತ್ತದೆ.

ಫಲಿತಾಂಶ, ಇಂಗ್ಲಿಷು, ವ್ಯಾನು ಎಲ್ಲ ಮೇಲಿನ ಮಾತು ಎಂದು ನನಗೆ ಅನ್ನಿಸತೊಡಗಿದೆ. ಯಾರ ಮಗುವಿನ ಪಕ್ಕ ಯಾರ ಮಗು ಕೂರಬಾರದು ಎಂಬುದಕ್ಕೆ ಜನ ಫೀಸು ಕಟ್ಟುತ್ತಿದ್ದಾರೆ. ಇದನ್ನು ಯಾವ ನಮೂನೆಯಲ್ಲಿ ತುಂಬುವುದೋ ಗೊತ್ತಿಲ್ಲ.

16 ಅಕ್ಟೋಬರ್, ಗುರುವಾರ

ನಿನ್ನೆ ಸಚಿವ ಮಧು ಬಂಗಾರಪ್ಪ ಹೇಳಿದರು: ಈ ವರ್ಷದಿಂದ ಎಸ್‌ಎಸ್‌ಎಲ್‌ಸಿ ಪಾಸಾಗಲು ಶೇ. 33 ಸಾಕು. ಒಟ್ಟು 625ಕ್ಕೆ 206, ಪ್ರತಿ ವಿಷಯದಲ್ಲಿ ಕನಿಷ್ಠ 30.

ಹತ್ತನೆಯ ತರಗತಿಯ ಕೆಲವರು ರಜೆಯಲ್ಲೂ ವಿಶೇಷ ತರಗತಿಗೆ ಬರುತ್ತಿದ್ದಾರೆ. ಸಮೀಕ್ಷೆಗೆ ಹೊರಡುವ ಮೊದಲು ಒಂದು ಗಂಟೆ ಅವರ ಜೊತೆ ಇರುತ್ತೇನೆ. ನಾನು ಒಳಗೆ ಹೋಗುವಷ್ಟರಲ್ಲಿ ಬೋರ್ಡಿನ ಮೇಲೆ ಲೆಕ್ಕ ಮಾಡಿಬಿಟ್ಟಿದ್ದರು. ಆಂತರಿಕ ಅಂಕ 20 ಬಂದರೆ ಲಿಖಿತದಲ್ಲಿ ಎಷ್ಟು ಬೇಕು, ಕನ್ನಡ 125ಕ್ಕೆ ಚೆನ್ನಾಗಿ ತೆಗೆದರೆ ಒಟ್ಟು ಹೇಗೆ ಮೇಲೇರುತ್ತದೆ. ಗಣಿತದ ಮೇಷ್ಟ್ರು ಇಲ್ಲದ ತರಗತಿಯಲ್ಲಿ ಅಷ್ಟು ಅಚ್ಚುಕಟ್ಟಾದ ಗಣಿತ ನಾನು ನೋಡಿರಲಿಲ್ಲ.

ಶೆಡ್ಡಿನ ಹುಡುಗಿ ಮಾತ್ರ ನಗಲಿಲ್ಲ. "ಮಿಸ್, ಪಾಸ್ ಮಾಡಿಸೋದು ಸುಲಭ ಮಾಡ್ತಾರ. ಸರ್‌ನ ಕಳಿಸೋದು ಯಾಕ ಕಷ್ಟ?" ಅಂದಳು.

ನಾನು ಉತ್ತರ ಹೇಳಲಿಲ್ಲ. ಇದನ್ನೇ ಒಂದು ಹಾಳೆಯಲ್ಲಿ ಬರೆ, ಈ ಸಲ ಹೆಸರು ಹಾಕಿ ಬರೆ ಎಂದೆ. ಬರೆದಳು. ಇನ್ನೂ ಏಳೆಂಟು ಜನ ಸಹಿ ಹಾಕಿದರು.

9 ನವೆಂಬರ್, ಭಾನುವಾರ

ಈ ಸಲದ ಪೋಷಕರ ಸಭೆ ಭಾನುವಾರ ಸಂಜೆ ನಾಲ್ಕಕ್ಕೆ ಇಡಿಸಿದೆ. ಎಚ್.ಎಂ. ಮೇಡಂ ಮೊದಲು ಗೊಣಗಿದರು, ಆಮೇಲೆ ಅವರೇ ಬಿಸ್ಕತ್ತು ತರಿಸಿದರು. ಬೆಂಚು ಸಾಲದೆ ಗಂಡಸರು ಗೋಡೆಗೆ ಒರಗಿ ನಿಂತಿದ್ದರು. ಯಾದಗಿರಿಯ ಆ ತಂದೆಯೂ ಬಂದಿದ್ದರು, ಒಗೆದ ಬಿಳಿ ಅಂಗಿ.

ಮಗಳ ಕಾಗದವನ್ನು ನಾನು ಓದಿದೆ. ಮುಂದಿನ ಹೆಜ್ಜೆ ನಾನು ಹೇಳಿಕೊಡಲಿಲ್ಲ. ಸರ್ಕಾರಿ ನೌಕರಳಾಗಿ ಹೇಳಿಕೊಡಲೂಬಾರದು. ಗಾರ್ಮೆಂಟ್ಸ್ ತಾಯಿ ಕೇಳಿದರು: "ನಾವು ಬರೆದರೆ ತಗೋತಾರಾ?" ತೆಗೆದುಕೊಳ್ಳಲೇಬೇಕು, ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ ಎಂದು ಎಚ್.ಎಂ. ಮೇಡಂ ಹೇಳಿದಾಗ ನನಗೇ ಆಶ್ಚರ್ಯವಾಯಿತು. ಖಾಸಗಿ ಶಾಲೆಯಿಂದ ಬಂದಿದ್ದ ಹುಡುಗ ಅರ್ಜಿಯನ್ನು ಕನ್ನಡದಲ್ಲಿ ಬರೆದ. ಕಾಗುಣಿತ ತಪ್ಪಿದ್ದನ್ನು ಬೇರೆ ಮಕ್ಕಳು ತಿದ್ದಿದರು. ಹತ್ತನೆಯ ತರಗತಿಗೆ ಜುಲೈನಿಂದ ಗಣಿತದ ಶಿಕ್ಷಕರಿಲ್ಲ, ಕೂಡಲೇ ಕೊಡಿ. ಅಷ್ಟೇ ವಿಷಯ. ಹೊಡೆಯಿರಿ ಎನ್ನುತ್ತಿದ್ದ ಆಟೊದವರು ಮೊದಲ ಸಹಿ ಹಾಕಿದರು. ಯಾದಗಿರಿಯ ತಂದೆ ಹೆಬ್ಬೆಟ್ಟು ಒತ್ತುವ ಮುಂಚೆ, "ಇದರಿಂದ ಮೇಡಂಗೇನೂ ತೊಂದ್ರಿ ಆಗಂಗಿಲ್ಲಲ್ಲ?" ಎಂದು ನನ್ನನ್ನು ಕೇಳಿದರು. ಇಲ್ಲ ಎಂದೆ.

ನಾಳೆ ನಾಲ್ಕು ಜನ ಪೋಷಕರು ಬಿಇಒ ಕಚೇರಿಗೆ ಹೋಗುತ್ತಾರೆ, ಅರ್ಧ ದಿನದ ಕೂಲಿ ಬಿಟ್ಟು. ಪರೀಕ್ಷೆ-1 ಮಾರ್ಚ್ 18ಕ್ಕೆ ಶುರು. ತ್ರಿಕೋನಮಿತಿ ಇನ್ನೂ ಮುಟ್ಟಿಲ್ಲ.